ಎನ್‌ಜಿಒಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯಿಂದ ಆಫರ್ ಬಂದಿದೆ, ಸೇರಬಹುದಾ?

ಪ್ರಶ್ನೆ: ನನಗೆ 29 ವರ್ಷ. ಊರು ದಾವಣಗೆರೆ. ಆರು ವರ್ಷದಿಂದ ಬೆಂಗಳೂರಿನ ಒಂದು ದೊಡ್ಡ ಐಟಿ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಎನ್‌ಜಿಒಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಕಂಪನಿಯಿಂದ ಇಂಪ್ಲಿಮೆಂಟೇಶನ್ ಕನ್ಸಲ್ಟೆಂಟ್ ಕೆಲಸಕ್ಕೆ ಆಫರ್ ಬಂದಿದೆ. ಸಂಬಳ ಈಗಿನದಕ್ಕಿಂತ ಕಾಲು ಭಾಗ ಕಮ್ಮಿ. ಈ ಕೆಲಸದಲ್ಲಿ ನಿಜವಾಗಿ ಏನು ಮಾಡಬೇಕಾಗುತ್ತದೆ? ಕೋಡಿಂಗ್ ಬರಲೇಬೇಕಾ? ಮುಂದೆ ಬೇಡ ಅನಿಸಿದರೆ ವಾಪಸ್ ಬರೋಕೆ ಆಗುತ್ತದಾ? ಅಪ್ಪ ಮಾತ್ರ "ಐಟಿ ಬಿಟ್ಟು ಸಮಾಜಸೇವೆಗೆ ಹೋಗ್ತೀಯಾ" ಅಂತ ಬೇಜಾರು ಮಾಡಿಕೊಂಡಿದ್ದಾರೆ.

ಉತ್ತರ: ಮೊದಲು ಅಪ್ಪನ ಮಾತನ್ನೇ ತಗೊಳ್ಳೋಣ. ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ನೀವು ಸೇರುತ್ತಿರುವುದು ಕಂಪನಿಗೆ ಅಂತ ಅವರಿಗೆ ಹೇಳಿ. ಪಿಎಫ್ ಕಟ್ ಆಗುತ್ತದೆ, ಅಪ್ರೈಸಲ್ ಇರುತ್ತದೆ, ಶುಕ್ರವಾರ ಸಂಜೆಯೊಳಗೆ ಟೈಮ್‌ಶೀಟ್ ತುಂಬದಿದ್ದರೆ ಮ್ಯಾನೇಜರ್ ಮೆಸೇಜ್ ಬರುತ್ತದೆ. ಸಮಾಜಸೇವೆ ಮಾಡುವವರು ನಿಮ್ಮ ಗಿರಾಕಿಗಳು. ಆಸ್ಪತ್ರೆಯ ಲೆಕ್ಕ ಬರೆಯುವವರನ್ನು ಯಾರೂ ಡಾಕ್ಟರ್ ಅನ್ನುವುದಿಲ್ಲವಲ್ಲ, ಹಾಗೆ. ಈ ವ್ಯತ್ಯಾಸ ಮನೆಯವರಿಗಿಂತ ನಮಗೇ ಜಾಸ್ತಿ ನೆನಪಿರಬೇಕು. ಮರೆತ ಹುಡುಗ ಹುಡುಗಿಯರು ರಾತ್ರಿ ಹನ್ನೊಂದಕ್ಕೂ ಗಿರಾಕಿಯ ಫೋನ್ ಎತ್ತಿ, ಒಂದೂವರೆ ವರ್ಷಕ್ಕೆ ಸುಸ್ತಾಗಿ ಬಿಟ್ಟು ಹೋದದ್ದನ್ನು ನೋಡಿದ್ದೇನೆ.

ಇನ್ನು ಕೆಲಸ ಏನು ಅನ್ನುವುದು. ಆಫರ್ ಲೆಟರ್‌ನಲ್ಲಿ ಏನೇನೋ ಬರೆದಿರುತ್ತಾರೆ. ನಾನು ಈ ಕೆಲಸಕ್ಕೆ ಬಂದು 13 ವರ್ಷವಾಯಿತು. ಹೆಸರಿಗೆ ಇದು ಸಾಫ್ಟ್‌ವೇರ್ ಅನ್ನು ಸಂಸ್ಥೆಗೆ ತಕ್ಕ ಹಾಗೆ ಹೊಂದಿಸಿಕೊಡುವ ಕೆಲಸ. ನನ್ನ ಪ್ರಕಾರ ಇದು ಒಂದು ಫಾರಂನಲ್ಲಿ ಎಷ್ಟು ಪ್ರಶ್ನೆ ಇರಬೇಕು ಅಂತ ಜಗಳ ಆಡುವ ಕೆಲಸ. ಫಾರಂ ತುಂಬುವವರು ಒಬ್ಬರು, ಅದರಿಂದ ಬಂದ ವರದಿ ಓದುವವರು ಇನ್ನೊಬ್ಬರು, ಸಾಫ್ಟ್‌ವೇರ್‌ಗೆ ದುಡ್ಡು ಕೊಡುವವರು ಮೂರನೆಯವರು. ಮೂವರೂ ಒಬ್ಬರನ್ನೊಬ್ಬರು ನೋಡಿರುವುದಿಲ್ಲ. ನಡುವೆ ನೀವು.

ನನ್ನ ಮೊದಲ ಪ್ರಾಜೆಕ್ಟ್ ಕಥೆ ಹೇಳುತ್ತೇನೆ. ರಾಯಚೂರು ಕಡೆ ತಾಯಿ ಮಕ್ಕಳ ಆರೋಗ್ಯದ ಮೇಲೆ ಕೆಲಸ ಮಾಡುವ ಒಂದು ಸಂಸ್ಥೆ. ಬೆಂಗಳೂರಿನ ಆಫೀಸಿನಲ್ಲಿ ಮೂರು ವಾರ ಕೂತು, ಅವರ ಪ್ರೋಗ್ರಾಂ ಮ್ಯಾನೇಜರ್ ಜೊತೆ ಮಾತಾಡಿ, ಬಸುರಿಯರ ನೋಂದಣಿಗೆ 64 ಪ್ರಶ್ನೆಗಳ ಫಾರಂ ಮಾಡಿದ್ದೆ. ಮೊಬೈಲ್‌ನಲ್ಲಿ ಚೆನ್ನಾಗಿ ಕಾಣುತ್ತಿತ್ತು. ನೆಟ್‌ವರ್ಕ್ ಇಲ್ಲದೆಯೂ ಓಡುತ್ತಿತ್ತು. ಎಲ್ಲ ಕನ್ನಡದಲ್ಲಿತ್ತು. ಡೆಮೊ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡು ತಿಂಗಳಾದ ಮೇಲೆ ಊರಿಗೆ ಹೋಗಿ ನೋಡಿದರೆ, ಆರೋಗ್ಯ ಕಾರ್ಯಕರ್ತೆ ಮನೆ ಮನೆಗೆ ಹೋಗುವಾಗ ಫೋನ್ ತೆಗೆಯುತ್ತಲೇ ಇರಲಿಲ್ಲ. ಕೈಯಲ್ಲಿ ಒಂದು 200 ಪುಟದ ನೋಟ್‌ಬುಕ್. ಅದರಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಏಳು ಕಾಲಂ. ರಾತ್ರಿ ಅಡುಗೆ ಮುಗಿಸಿ, ಮಕ್ಕಳನ್ನು ಮಲಗಿಸಿ, ಆ ಏಳು ಕಾಲಂನಿಂದ ನನ್ನ 64 ಪ್ರಶ್ನೆಗೆ ಉತ್ತರ ತುಂಬುತ್ತಿದ್ದರು. ಉಳಿದ 57ಕ್ಕೆ? ನೆನಪಿದ್ದರೆ ನೆನಪು, ಇಲ್ಲದಿದ್ದರೆ ಮೊದಲ ಆಯ್ಕೆ. ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಅಲ್ಲಿನ ಮುಕ್ಕಾಲು ಭಾಗ ಹೆಂಗಸರ ಮನೆಯ ಚಾವಣಿ ಆರ್‌ಸಿಸಿ ಅಂತ ಏಕೆ ಬರುತ್ತಿತ್ತು ಅಂತ ಆವತ್ತು ಗೊತ್ತಾಯಿತು. ಪಟ್ಟಿಯಲ್ಲಿ ಆರ್‌ಸಿಸಿ ಮೊದಲಿತ್ತು.

ಇನ್ನೊಂದು ವಿಷಯವೂ ಅಲ್ಲೇ ಗೊತ್ತಾಯಿತು. ಕೊನೆಯ ಮುಟ್ಟಿನ ತಾರೀಖು ಅನ್ನುವ ಪ್ರಶ್ನೆ ಇತ್ತು. ಹೆರಿಗೆಯ ದಿನ ಲೆಕ್ಕ ಹಾಕುವುದು ಅದರಿಂದಲೇ, ಹಾಗಾಗಿ ಅದನ್ನು ಬಿಡುವ ಹಾಗಿಲ್ಲ. ಆ ಕಾರ್ಯಕರ್ತೆ ನಕ್ಕು ಹೇಳಿದರು: "ಸರ, ಅವ್ರು ತಾರೀಖು ಹೇಳಂಗಿಲ್ರಿ. ಹಬ್ಬ ಹೇಳ್ತಾರ." ಕಾರಹುಣ್ಣಿಮೆ ಆಗಿ ಎಂಟು ದಿನಕ್ಕೆ, ಅಮಾವಾಸ್ಯೆಗೆ ಎರಡು ದಿನ ಮುಂಚೆ, ಹೀಗೆ. ಅವರು ಮನೆಗೆ ಬಂದು ಗೋಡೆಯ ಕ್ಯಾಲೆಂಡರ್ ತಿರುವಿ ತಾರೀಖು ಹುಡುಕುತ್ತಿದ್ದರು. ನೋಟ್‌ಬುಕ್ಕಿನ ಏಳು ಕಾಲಂನಲ್ಲಿ ಒಂದಕ್ಕೆ ಅವರು ಇಟ್ಟ ಹೆಸರೇ "ಹಬ್ಬ".

ವಾಪಸ್ ಬಂದು ಫಾರಂ ಅನ್ನು 19 ಪ್ರಶ್ನೆಗೆ ಇಳಿಸಿದೆವು. ತಾರೀಖಿನ ಪಕ್ಕದಲ್ಲಿ ಆ ವರ್ಷದ ಹಬ್ಬ, ಹುಣ್ಣಿಮೆ, ಅಮಾವಾಸ್ಯೆಗಳ ಪಟ್ಟಿ ಹಾಕಿದೆವು. ಹಬ್ಬ ಒತ್ತಿ, ಎಷ್ಟು ದಿನ ಹಿಂದೆ ಮುಂದೆ ಅಂತ ಹೇಳಿದರೆ ತಾರೀಖು ತಾನೇ ಬರುತ್ತದೆ. ಇದಕ್ಕೆ ಡೆವಲಪರ್‌ಗೆ ಒಂದು ದಿನದ ಕೆಲಸ. 64ರಿಂದ 19ಕ್ಕೆ ಇಳಿಸಲು ಮಾತ್ರ ಐದು ವಾರ ಹಿಡಿಯಿತು. ಒಂದೊಂದು ಪ್ರಶ್ನೆಗೂ ಒಬ್ಬ ಯಜಮಾನ ಇದ್ದ. ಇದು ಫಂಡರ್, ಅಂದರೆ ದುಡ್ಡು ಕೊಡುವವರು ಕೇಳಿದ್ದು, ಇದು ಹೋದ ವರ್ಷದ ಬೇಸ್‌ಲೈನ್‌ನಲ್ಲಿ (ಶುರುವಿನ ಸಮೀಕ್ಷೆಯಲ್ಲಿ) ಇತ್ತು, ಇದು ನಮ್ಮ ಬೋರ್ಡ್ ಮೆಂಬರ್‌ಗೆ ಬೇಕು. ಒಂದೊಂದನ್ನೂ ಹಿಡಿದು "ಈ ಉತ್ತರ ಬಂದ ಮೇಲೆ ನೀವು ಏನು ಮಾಡುತ್ತೀರಿ?" ಅಂತ ಕೇಳುತ್ತಾ ಹೋದೆ. ಸುಮ್ಮನಾದರೆ ಆ ಪ್ರಶ್ನೆ ಔಟ್. ನೀವು ಈ ಕೆಲಸಕ್ಕೆ ಬಂದರೆ ಈ ಒಂದು ವಾಕ್ಯವನ್ನು ದಿನಕ್ಕೆ ನಾಲ್ಕು ಸಲ ಹೇಳಬೇಕಾಗುತ್ತದೆ. ಅದನ್ನು ನಗುತ್ತಾ ಹೇಳುವುದನ್ನು ಕಲಿಯೋಕೆ ನನಗೆ ಎರಡು ವರ್ಷ ಬೇಕಾಯಿತು.

ನೀವು ಟೆಸ್ಟಿಂಗ್‌ನವರು ಅನ್ನುವುದು ನನಗೆ ಖುಷಿ ಕೊಟ್ಟಿತು. ಕೋಡಿಂಗ್ ಬರಲೇಬೇಕು ಅಂತಿಲ್ಲ. ಎಕ್ಸೆಲ್ ಚೆನ್ನಾಗಿ ಬರಬೇಕು, ಪಿವಟ್ ಟೇಬಲ್, ಲುಕಪ್ ಎಲ್ಲ ಕಣ್ಣು ಮುಚ್ಚಿ ಮಾಡುವಷ್ಟು. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್ ಸ್ವಲ್ಪ ಬಂದರೆ ಒಳ್ಳೆಯದು. ಅದಕ್ಕಿಂತ ಮುಖ್ಯ, "ಇಲ್ಲಿ ಯಾರಾದರೂ ಹೀಗೆ ತುಂಬಿದರೆ?" ಅಂತ ಕೇಳುವ ಟೆಸ್ಟರ್ ಬುದ್ಧಿ. ಅದು ನಿಮಗೆ ಆಗಲೇ ಇದೆ.

ಯಾಕೆ ಬೇಕು ಅಂತ ಹೇಳುತ್ತೇನೆ. ಇಲ್ಲಿ ಬಳಸುವ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ಹುಟ್ಟಿದವು. ಅವುಗಳಿಗೆ ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡೂ ಬೇಕು. ಲಾಸ್ಟ್ ನೇಮ್ ಕಡ್ಡಾಯ. ನಮ್ಮ ಮಂಡ್ಯದ ದಾನಿ ಕೆ. ಎಂ. ಶಿವಣ್ಣ ಅಂತಿದ್ದರೆ ಲಾಸ್ಟ್ ನೇಮ್ ಯಾವುದು? ಡೇಟಾ ಎಂಟ್ರಿ ಮಾಡುವ ಹುಡುಗ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಾನೆ. ಒಂದು ಕಡೆ ಹಳೆಯ ಡೇಟಾಬೇಸ್ ತೆರೆದು ನೋಡಿದಾಗ ಸಾವಿರಾರು ದಾನಿಗಳ ಮನೆತನದ ಹೆಸರು ಚುಕ್ಕಿ. ದೀಪಾವಳಿಗೆ ಕಳಿಸಿದ ಇಮೇಲ್ "ಡಿಯರ್ ಮಿಸ್ಟರ್ ." ಅಂತ ಹೋಗಿತ್ತು. ಹುಟ್ಟಿದ ತಾರೀಖು ಕಡ್ಡಾಯ ಮಾಡಿದರೆ ಊರಿಗೆ ಊರೇ ಜನವರಿ 1ಕ್ಕೆ ಹುಟ್ಟಿರುತ್ತದೆ. ಲಕ್ಷ್ಮಮ್ಮ ಅನ್ನುವ ಹೆಸರನ್ನು ಇಂಗ್ಲಿಷ್‌ನಲ್ಲಿ ನಾಲ್ಕು ಥರ ಬರೆದಿರುತ್ತಾರೆ, ಸಿಸ್ಟಂನಲ್ಲಿ ಒಬ್ಬಳೇ ಲಕ್ಷ್ಮಮ್ಮ ನಾಲ್ಕು ಜನ ಆಗಿರುತ್ತಾಳೆ.

ಹಳೆಯ ಕನ್ನಡ ಫೈಲುಗಳ ಗೋಳು ಬೇರೆ. ಹತ್ತು ಹದಿನೈದು ವರ್ಷದ ಹಿಂದೆ ನುಡಿ, ಬರಹದ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಸಂಸ್ಥೆಗಳ ಬಳಿ ರಾಶಿ ಬಿದ್ದಿವೆ. ಈಗ ಎರಡರಲ್ಲೂ ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಇದೆ, ಆದರೆ ಹಳೆಯದು ಹಳೆಯದೇ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಪರಿವರ್ತಕಗಳು ಸಿಗುತ್ತವೆ. ಒತ್ತಕ್ಷರ ಮತ್ತು ಅರ್ಕಾವೊತ್ತು ಬಂದಲ್ಲಿ ಕಣ್ಣಿಟ್ಟು ನೋಡಬೇಕು. ಒಂದೇ ಎಕ್ಸೆಲ್‌ನಲ್ಲಿ ಊರಿನ ಹೆಸರು ನುಡಿಯಲ್ಲಿ, ಫೋನ್ ನಂಬರು ಇಂಗ್ಲಿಷ್‌ನಲ್ಲಿ ಇದ್ದರೆ ಇಡೀ ಶೀಟನ್ನು ಪರಿವರ್ತಕಕ್ಕೆ ಹಾಕಬೇಡಿ. ಕಾಲಂ ಕಾಲಂ ಆಗಿ ಮಾಡಿ. ನಾನು ಒಂದು ಸಲ ಅವಸರದಲ್ಲಿ ಇಡೀ ಶೀಟ್ ಹಾಕಿ, ಇಂಗ್ಲಿಷ್‌ನಲ್ಲಿದ್ದ ಇಮೇಲ್ ವಿಳಾಸಗಳನ್ನೆಲ್ಲ ಕನ್ನಡ ಮಾಡಿಟ್ಟಿದ್ದೆ.

ದೇಣಿಗೆಯ ಕಡೆಯ ಕೆಲಸ ಇನ್ನೊಂದು ಲೋಕ. ನಿಮ್ಮ ಕಂಪನಿ ಫೀಲ್ಡ್ ಡೇಟಾ ಮಾಡುತ್ತದೋ, ಡೋನರ್ ಮ್ಯಾನೇಜ್‌ಮೆಂಟ್ (ದಾನಿಗಳ, ದೇಣಿಗೆಯ ಲೆಕ್ಕ) ಮಾಡುತ್ತದೋ ಕೇಳಿಕೊಳ್ಳಿ. ಎರಡನೆಯದಾದರೆ ನಿಮ್ಮ ನಿಜವಾದ ಗುರು ಆ ಸಂಸ್ಥೆಯ ಅಕೌಂಟೆಂಟ್. ಮೊದಲ ದಿನ ಡೈರೆಕ್ಟರ್ ರೂಮಿಗಿಂತ ಅವರ ಟೇಬಲ್ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ.

ಉದಾಹರಣೆಗೆ 80ಜಿ ರಸೀದಿ. ಮೊದಲೆಲ್ಲ ಸಂಸ್ಥೆ ಒಂದು ರಸೀದಿ ಹರಿದು ಕೊಟ್ಟರೆ ದಾನಿ ಅದನ್ನು ತೋರಿಸಿ ತೆರಿಗೆ ವಿನಾಯಿತಿ ಪಡೆಯುತ್ತಿದ್ದರು. 2021-22ರಿಂದ ಅದು ಬದಲಾಯಿತು. ಸಂಸ್ಥೆ ಪ್ರತಿ ದಾನಿಯ ಹೆಸರು, ವಿಳಾಸ, ಪ್ಯಾನ್‌ನಂಥ ಗುರುತಿನ ಸಂಖ್ಯೆ, ಮೊತ್ತ ಎಲ್ಲ ಸೇರಿಸಿ 10ಬಿಡಿ ಅನ್ನುವ ಫಾರಂ ಅನ್ನು ಮೇ 31ರೊಳಗೆ ಸಲ್ಲಿಸಬೇಕು. ಆಮೇಲೆ ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಅದಕ್ಕೆ ವಿನಾಯಿತಿ ಇಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್, ಫಾರಂ ನಂಬರುಗಳು ಬದಲಾಗಿವೆ. ಜನರ ಬಾಯಲ್ಲಿ ಇನ್ನೂ ಅದು 80ಜಿಯೇ, ನೀವು ಮಾತ್ರ ಹೊಸ ನಂಬರು ನೋಡಿಕೊಂಡು ಮಾತಾಡಿ.

ಇದರ ಅರ್ಥ ನಿಮ್ಮ ಕ್ಯಾಲೆಂಡರ್‌ನಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಕೆಂಪು. ತಂಗಿಯ ಮದುವೆ ಗಿದುವೆ ಇದ್ದರೆ ಮೊದಲೇ ಹೇಳಿಬಿಡಿ. ಮೇ ಕೊನೆಯ ವಾರ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದರೆ ಯುಪಿಐನಲ್ಲಿ ಬಂದ 500, 1,001, 1,116 ರೂಪಾಯಿಗಳ ಸಾಲು. ಪಕ್ಕದಲ್ಲಿ ಒಂದು ರೆಫರೆನ್ಸ್ ನಂಬರು, ಅಷ್ಟೇ. ಕೊಟ್ಟವರು ಯಾರೋ, ಪ್ಯಾನ್ ಏನೋ. ನಾನು ಕೆಲಸ ಮಾಡಿದ ಒಂದು ಕಡೆ ಅಕೌಂಟೆಂಟ್ ಅವನ್ನೆಲ್ಲ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ "ಗುಪ್ತದಾನ" ಅನ್ನುವ ಲೆಡ್ಜರ್‌ಗೆ ಹಾಕುತ್ತಿದ್ದರು. ಹೆಸರೇನೋ ಚೆಂದ. ಆದರೆ ಹೆಸರಿಲ್ಲದ ದಾನ ಒಂದು ಮಿತಿ ದಾಟಿದರೆ ಅದಕ್ಕೆ 30% ತೆರಿಗೆ ಬೀಳುತ್ತದೆ. ದೇವರ ಹುಂಡಿಯ ಲೆಕ್ಕ ಎನ್‌ಜಿಒಗೆ ನಡೆಯುವುದಿಲ್ಲ. ಅದಕ್ಕೇ ದುಡ್ಡು ಕಳಿಸುವ ಮುಂಚೆಯೇ ಹೆಸರು ಕೇಳುವ ಒಂದು ಸಣ್ಣ ಪೇಜ್ ಮಾಡಿಕೊಡುವುದು ಕನ್ಸಲ್ಟೆಂಟ್ ಕೆಲಸ.

ವಿದೇಶದಿಂದ ಬರುವ ಹಣದ ವಿಷಯ ಇನ್ನೂ ನಾಜೂಕು. ಒಂದು ಶಾಲೆಗೆ ನ್ಯೂಜೆರ್ಸಿಯಲ್ಲಿರುವ ಅಣ್ಣ ತಮ್ಮ ಇಬ್ಬರೂ ದುಡ್ಡು ಕಳಿಸುತ್ತಾರೆ ಅಂದುಕೊಳ್ಳಿ. ಅಣ್ಣ ಅಮೆರಿಕದ ಪೌರ. ತಮ್ಮ ಇನ್ನೂ ಭಾರತದ ಪಾಸ್‌ಪೋರ್ಟ್‌ನಲ್ಲೇ ಇದ್ದಾನೆ. ತಮ್ಮ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಅಣ್ಣ ಕಳಿಸಿದ್ದು ವಿದೇಶಿ ದೇಣಿಗೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಅದಕ್ಕೆ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆದರೆ ನಾನು ನೋಡಿದ ಎಷ್ಟೋ ದೇಣಿಗೆ ಪೇಜ್‌ಗಳಲ್ಲಿ ಕೇಳುವುದು "ನೀವು ಯಾವ ದೇಶದಲ್ಲಿದ್ದೀರಿ?" ಅಂತ. ಕೇಳಬೇಕಾದದ್ದು ಪಾಸ್‌ಪೋರ್ಟ್ ಯಾವ ದೇಶದ್ದು ಅಂತ. ಬೆಂಗಳೂರಿನಲ್ಲೇ ಮನೆ ಮಾಡಿಕೊಂಡಿರುವ ಅಮೆರಿಕದ ಪೌರರು ಇಲ್ಲಿನ ಖಾತೆಯಿಂದ ಕಳಿಸಿದರೂ ಅದು ವಿದೇಶಿ ದೇಣಿಗೆಯೇ. ಡ್ರಾಪ್‌ಡೌನ್‌ನಲ್ಲಿ ಒಂದು ಪದ ತಪ್ಪಾದರೆ ಸಂಸ್ಥೆಯ ಲೈಸೆನ್ಸಿಗೇ ಕುತ್ತು. ಇಂಥದ್ದನ್ನು ಹಿಡಿಯುವ ಕನ್ಸಲ್ಟೆಂಟ್ ಮಾತಿಗೆ ಸಂಸ್ಥೆಗಳಲ್ಲಿ ಬೆಲೆ ಬರುತ್ತದೆ.

ಒಂದು ತಿಥಿ ಕಥೆ ಹೇಳಿ ಈ ಮಾತು ಮುಗಿಸುತ್ತೇನೆ, ಇದು ನನಗೆ ತುಂಬ ಇಷ್ಟ. ಮೈಸೂರು ಕಡೆಯ ಒಂದು ವೃದ್ಧಾಶ್ರಮ. ಅಲ್ಲಿ ದಾನಿಗಳು ಒಂದು ದಿನದ ಊಟದ ಖರ್ಚು ಕೊಡುತ್ತಾರೆ. ಮಗಳ ಹುಟ್ಟುಹಬ್ಬಕ್ಕೆ, ಮದುವೆ ವಾರ್ಷಿಕೋತ್ಸವಕ್ಕೆ, ಮತ್ತೆ ಜಾಸ್ತಿ ಜನ ಅಪ್ಪ ಅಮ್ಮನ ತಿಥಿಗೆ. ನಾವು ಹಾಕಿದ ಸಾಫ್ಟ್‌ವೇರ್ ಪ್ರತಿ ವರ್ಷ ಅದೇ ತಾರೀಖಿಗೆ ದಾನಿಗೆ ನೆನಪಿನ ಮೆಸೇಜ್ ಕಳಿಸುತ್ತಿತ್ತು. ಎರಡನೇ ವರ್ಷ ಒಬ್ಬರು ಹಿರಿಯರು ಫೋನ್ ಮಾಡಿ ಬೈದರು. "ನಮ್ಮ ತಾಯಿ ತಿಥಿ ಭಾದ್ರಪದ ಬಹುಳ ಪಂಚಮಿ ಕಣಪ್ಪ. ನೀವು ಯಾವುದೋ ದಿನ ಮೆಸೇಜ್ ಕಳ್ಸಿದ್ದೀರಿ." ಅವರದು ನ್ಯಾಯ. ತಿಥಿ ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತದೆ. ಅಧಿಕ ಮಾಸ ಬಂದರೆ ಇನ್ನೂ ದೂರ ಹೋಗುತ್ತದೆ.

ನಮ್ಮ ಡೆವಲಪರ್ ಪಂಚಾಂಗದ ಲೆಕ್ಕವನ್ನೇ ಕೋಡ್ ಮಾಡುತ್ತೇನೆ ಅಂತ ಹುರುಪಿನಲ್ಲಿ ಹೊರಟ. ನಾನು ಬೇಡ ಅಂದೆ. ಯಾವ ಪಂಚಾಂಗ? ಒಂಟಿಕೊಪ್ಪಲ್ಲಾ, ಮಠದ್ದಾ? ತಿಥಿ ಎರಡು ದಿನಕ್ಕೆ ಹಂಚಿಕೊಂಡರೆ ಯಾವ ದಿನ? ಅದರ ಬದಲು ದಾನಿಯ ಪುಟದಲ್ಲಿ ಮಾಸ, ಪಕ್ಷ, ತಿಥಿ ಅಂತ ಮೂರು ಆಯ್ಕೆ ಇಟ್ಟೆವು. ಪ್ರತಿ ಯುಗಾದಿಗೆ ಆಶ್ರಮದ ಮ್ಯಾನೇಜರ್ ಹೊಸ ಪಂಚಾಂಗ ಹಿಡಿದು ಕೂತು ಆ ವರ್ಷದ ತಾರೀಖುಗಳನ್ನು ಒಂದು ಶೀಟ್‌ನಲ್ಲಿ ತುಂಬುತ್ತಾರೆ. ಅರ್ಧ ದಿನದ ಕೆಲಸ. ಅನುಮಾನ ಬಂದರೆ ದಾನಿಗೇ ಫೋನ್ ಮಾಡುತ್ತಾರೆ. ದಾನಿಗೆ ಆ ಫೋನ್ ಬಂದದ್ದೇ ಖುಷಿ. ಕೆಲವು ಕಡೆ ಸಾಫ್ಟ್‌ವೇರ್ ಕೈ ಹಾಕದಿರುವುದೇ ಒಳ್ಳೆಯದು ಅಂತ ಗಿರಾಕಿಗೂ ಹೇಳಬೇಕು, ನಿಮ್ಮ ಕಂಪನಿಯ ಸೇಲ್ಸ್‌ನವರಿಗೂ ಹೇಳಬೇಕು. ಎರಡನೆಯದು ಕಷ್ಟ.

ಈಗ ಯಾರೂ ಹೇಳದ ಭಾಗ. ದುಡ್ಡು ಕೊಡುವವರು ಯಾರು?

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಒಂದು ಮಟ್ಟ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ ಖರ್ಚು ಮಾಡಬೇಕು. ಈ ಹಣ ಬರಲು ಶುರುವಾದ ಮೇಲೆ ವರದಿ ಕೇಳುವವರೂ ಜಾಸ್ತಿಯಾದರು. ವರದಿಗೆ ಡೇಟಾ ಬೇಕು, ಡೇಟಾಗೆ ಸಾಫ್ಟ್‌ವೇರ್ ಬೇಕು. ನಮ್ಮಂಥವರಿಗೆ ಕೆಲಸ ಸಿಕ್ಕಿದ್ದರಲ್ಲಿ ಇದರ ಪಾಲು ದೊಡ್ಡದು. ಆದರೆ ಫಂಡರ್‌ಗಳು ಮಕ್ಕಳ ಪುಸ್ತಕಕ್ಕೆ ಕೊಡುವಷ್ಟು ಸಂತೋಷವಾಗಿ ಸಾಫ್ಟ್‌ವೇರ್‌ಗೆ ಕೊಡುವುದಿಲ್ಲ. ಅದು ಆಡಳಿತ ಖರ್ಚು ಅನ್ನುತ್ತಾರೆ. ವಿದೇಶಿ ಹಣದಲ್ಲಿ ಆಡಳಿತ ಖರ್ಚಿಗೆ ಮೊದಲು 50% ವರೆಗೆ ಅವಕಾಶವಿತ್ತು, 2020ರಲ್ಲಿ 20%ಕ್ಕೆ ಇಳಿಸಿದರು. ಹಾಗಾಗಿ ಮೊದಲ ವರ್ಷ ಯಾರೋ ಉದಾರಿಗಳು ದುಡ್ಡು ಕೊಟ್ಟು ಸಿಸ್ಟಂ ಹಾಕಿಸುತ್ತಾರೆ. ಮೂರನೇ ವರ್ಷ ರಿನ್ಯೂವಲ್ ಬಿಲ್ ಬಂದಾಗ ಎಲ್ಲರೂ ಸೂರು ನೋಡುತ್ತಾರೆ.

"ಉಚಿತ ಲೈಸೆನ್ಸ್ ಸಿಗುತ್ತದಲ್ಲ" ಅನ್ನುತ್ತಾರೆ. ಸಿಗುತ್ತದೆ. ಗಿರಾಕಿ, ದಾನಿಗಳ ಮಾಹಿತಿ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಸೇಲ್ಸ್‌ಫೋರ್ಸ್ ಅರ್ಹ ಸಂಸ್ಥೆಗಳಿಗೆ 10 ಲೈಸೆನ್ಸ್ ಉಚಿತವಾಗಿ ಕೊಡುತ್ತದೆ. ಗೂಗಲ್, ಮೈಕ್ರೋಸಾಫ್ಟ್‌ನಲ್ಲೂ ಇಂಥ ಯೋಜನೆಗಳಿವೆ. ದೇವಸ್ಥಾನಕ್ಕೆ ಯಾರೋ ಆನೆ ದಾನ ಕೊಟ್ಟ ಹಾಗೆ. ಮಾವುತನ ಸಂಬಳ, ಮೇವು, ಲಾಯ ಎಲ್ಲ ದೇವಸ್ಥಾನದ್ದೇ. ಹತ್ತು ಜನರ ಸಂಸ್ಥೆಗೆ ಒಳ್ಳೆಯದೊಂದು ಗೂಗಲ್ ಶೀಟ್, ಫೀಲ್ಡ್‌ನಲ್ಲಿ ಮೊಬೈಲ್ ಫಾರಂ ತುಂಬೋಕೆ ಕೋಬೊಟೂಲ್‌ಬಾಕ್ಸ್ ಅಥವಾ ಒಡಿಕೆ ಥರದ ಉಚಿತ ಸಾಧನ ಸಾಕು. ನಮ್ಮ ದೇಶದಲ್ಲೇ ಹುಟ್ಟಿದ ಅವ್ನಿ ಥರದ ಮುಕ್ತ ತಂತ್ರಾಂಶಗಳೂ ಇವೆ. ಗಿರಾಕಿಗೆ ಇದನ್ನು ಹೇಳುವ ಸ್ವಾತಂತ್ರ್ಯ ನಿಮಗೆ ಸಿಗುತ್ತದಾ ಅನ್ನುವುದನ್ನು ಸೇರುವ ಮುಂಚೆಯೇ ಕೇಳಿ. "ನಿಮ್ಮ ಸಾಫ್ಟ್‌ವೇರ್ ಬೇಡ ಅಂತ ನೀವೇ ಯಾವತ್ತಾದರೂ ಯಾರಿಗಾದರೂ ಹೇಳಿದ್ದೀರಾ?" ಅಂತ. ಅವರು ಒಂದು ಉದಾಹರಣೆ ಕೊಟ್ಟರೆ ಸೇರಿ.

ಲೆಕ್ಕ ಸರಿಪಡಿಸುವಾಗ ಮನಸ್ಸಿಗೆ ಕಷ್ಟವಾಗುವ ದಿನಗಳೂ ಬರುತ್ತವೆ. ಒಂದು ಸಂಸ್ಥೆ ಮಕ್ಕಳಿಗೆ ಸಂಜೆ ಪಾಠ, ಪುಸ್ತಕದ ಕಿಟ್, ಆರೋಗ್ಯ ತಪಾಸಣೆ ಮೂರೂ ಮಾಡುತ್ತಿತ್ತು. ಮೂರಕ್ಕೂ ಬೇರೆ ಬೇರೆ ಫಂಡರ್. ಮೂರು ಪಟ್ಟಿ ಕೂಡಿಸಿ ವಾರ್ಷಿಕ ವರದಿಯಲ್ಲಿ ಹನ್ನೆರಡು ಸಾವಿರ ಮಕ್ಕಳು ಅಂತ ಹಾಕಿದ್ದರು. ನಾವು ಎಲ್ಲ ಪಟ್ಟಿ ಒಂದೇ ಕಡೆ ಸೇರಿಸಿ, ಒಂದು ಮಗುವಿಗೆ ಒಂದು ನಂಬರು ಕೊಟ್ಟ ಮೇಲೆ ಅದು ಏಳು ಸಾವಿರ ಚಿಲ್ಲರೆಗೆ ಇಳಿಯಿತು. ಯಾರೂ ಮೋಸ ಮಾಡಿರಲಿಲ್ಲ. ಅದೇ ಮಗು ಮೂರು ಪಟ್ಟಿಯಲ್ಲಿತ್ತು, ಅಷ್ಟೇ. ಡೈರೆಕ್ಟರ್ ಮೇಡಂ ಬಹಳ ಹೊತ್ತು ಸ್ಕ್ರೀನ್ ನೋಡಿದರು. "ಇದನ್ನ ಈ ವರ್ಷವೇ ತೋರಿಸಬೇಕಾ?" ಅಂತ ಕೇಳಿದರು. ನಾನು ಎರಡೂ ಸಂಖ್ಯೆ ತೋರಿಸಿ ಅಂದೆ. ಎಷ್ಟು ಮಕ್ಕಳು, ಎಷ್ಟು ಸೇವೆಗಳು ಅಂತ ಬೇರೆ ಬೇರೆ. ಅವರು ಹಾಗೇ ಮಾಡಿದರು. ಒಬ್ಬ ಫಂಡರ್ ಮುಂದಿನ ವರ್ಷ ಬರಲಿಲ್ಲ. ಅದಕ್ಕೆ ಇದೇ ಕಾರಣವೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ. ಆವತ್ತು ರಾತ್ರಿ ನಿದ್ದೆ ಮಾತ್ರ ಬಂದಿರಲಿಲ್ಲ.

ಡೇಟಾ ಸುರಕ್ಷತೆ ಬಗ್ಗೆ ಎರಡು ಮಾತು. ಎನ್‌ಜಿಒ ಸಾಫ್ಟ್‌ವೇರ್ ಕ್ಷೇತ್ರದ ದೊಡ್ಡ ಹೆಸರು ಅಮೆರಿಕದ ಬ್ಲ್ಯಾಕ್‌ಬಾಡ್ ಕಂಪನಿ. 2020ರಲ್ಲಿ ಅದರ ಮೇಲೆ ರ‍್ಯಾನ್ಸಮ್‌ವೇರ್ (ಡೇಟಾ ಹಿಡಿದಿಟ್ಟು ದುಡ್ಡು ಕೇಳುವ) ದಾಳಿಯಾಗಿ ಸಾವಿರಾರು ಸಂಸ್ಥೆಗಳ ದಾನಿಗಳ ಮಾಹಿತಿ ಹೋಯಿತು. ಕಂಪನಿ ಹ್ಯಾಕರ್‌ಗಳಿಗೆ ದುಡ್ಡು ಕೊಟ್ಟಿತು. 2023ರಲ್ಲಿ ಅಲ್ಲಿನ 49 ರಾಜ್ಯಗಳ ಜೊತೆ 4.95 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದು ದೂರದ ಮಾತು ಅನಿಸಬಹುದು. ಹತ್ತಿರದ ಮಾತು ಏನೆಂದರೆ, ಡೇಟಾ ಸೇರಿಸುವ ವಾರದಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಎಚ್‌ಐವಿ ಇರುವವರ ಪಟ್ಟಿ, ಹೊಡೆತ ತಿಂದು ಬಂದ ಹೆಂಗಸರ ವಿಳಾಸ, ಮಕ್ಕಳ ಫೋಟೊ ಇರಬಹುದು. ಅವರು ತಮ್ಮ ಹೆಸರು ಕೊಟ್ಟಿದ್ದು ಆ ಸಂಸ್ಥೆಯ ಅಕ್ಕನನ್ನು ನಂಬಿ. ನಿಮ್ಮನ್ನು ಅವರು ನೋಡಿಯೂ ಇಲ್ಲ. ಕೆಲಸ ಮುಗಿದ ದಿನವೇ ಅಳಿಸಿ. ವಾಟ್ಸಾಪ್‌ನಲ್ಲಿ ಎಕ್ಸೆಲ್ ಕಳಿಸುವವರಿಗೆ ನಯವಾಗಿ ಬೇಡ ಅನ್ನಿ. 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ) ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ. ಮುಖ್ಯ ಭಾಗಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ನೀವು ಸೇರಿದ ಮೇಲೆ ಇದರ ಕೆಲಸ ತಲೆ ಮೇಲೆ ಬರುವುದು ಖಂಡಿತ.

ಸಂಬಳ. ಕಾಲು ಭಾಗ ಕಮ್ಮಿ ಅಂದಿರಿ. ಈ ಕ್ಷೇತ್ರದಲ್ಲಿ ಅದು ಆಶ್ಚರ್ಯವೇನಲ್ಲ. ಆದರೆ "ಒಳ್ಳೆ ಕೆಲಸಕ್ಕೆ ಇಷ್ಟು ತ್ಯಾಗ ಬೇಡವಾ" ಅಂತ ಎಚ್‌ಆರ್ ಹೇಳಿದರೆ ನಗಬೇಡಿ, ಒಪ್ಪಲೂಬೇಡಿ. ಅವರ ಸೇಲ್ಸ್ ಹೆಡ್ ಎಷ್ಟು ತ್ಯಾಗ ಮಾಡಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಕಂಪನಿ ಗಂಟೆಗೆ ಇಷ್ಟು ಅಂತ ಗಿರಾಕಿಗೆ ಬಿಲ್ ಮಾಡುತ್ತದೆ, ನಿಮಗೂ ಮಾತಾಡುವ ಹಕ್ಕಿದೆ. ಇನ್ನೊಂದು ಸಲ ಕೇಳಿ. ಫೀಲ್ಡ್‌ಗೆ ಹೋದರೆ ಪ್ರಯಾಣದ ಭತ್ಯೆ, ಭಾನುವಾರ ಹೋದರೆ ಬದಲಿ ರಜೆ, ಇವನ್ನು ಬರಹದಲ್ಲಿ ತಗೊಳ್ಳಿ. ಮನೆ ಸಾಲದ ಇಎಂಐ ಇದ್ದರೆ ಎರಡು ವರ್ಷದ ಲೆಕ್ಕ ಹಾಕಿ ನೋಡಿ. ಬಿಗಿಯಾಗುತ್ತದೆ ಅನಿಸಿದರೆ ಬೇಡ. ಬಿಗಿಯಾದ ಮನೆಯಿಂದ ಬಂದವರು ಈ ಕೆಲಸವನ್ನು ಬೇಗ ದ್ವೇಷಿಸಲು ಶುರು ಮಾಡುತ್ತಾರೆ.

ವಾಪಸ್ ಬರೋಕೆ ಆಗುತ್ತದಾ? ಆಗುತ್ತದೆ, ಆದರೆ ಅದು ಕಂಪನಿ ಯಾವ ಸಾಫ್ಟ್‌ವೇರ್ ಬಳಸುತ್ತದೆ ಅನ್ನುವುದರ ಮೇಲಿದೆ. ಸೇಲ್ಸ್‌ಫೋರ್ಸ್‌ನಂಥದ್ದರ ಮೇಲೆ ಕೆಲಸವಾದರೆ ಸರ್ಟಿಫಿಕೇಶನ್ ಮಾಡಿಕೊಂಡು ಯಾವ ಕಂಪನಿಗಾದರೂ ಹೋಗಬಹುದು. ಅವರದೇ ಸ್ವಂತ ಸಾಫ್ಟ್‌ವೇರ್ ಆದರೆ ಹೊರಗೆ ಅದರ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಆಗ ಬಿಸಿನೆಸ್ ಅನಲಿಸ್ಟ್ ಅಥವಾ ಪ್ರಾಡಕ್ಟ್ ಕೆಲಸದ ದಾರಿ ಹಿಡಿಯಬೇಕು. ನನ್ನ ಜೊತೆ ಇದ್ದವರಲ್ಲಿ ಇಬ್ಬರು ಹಾಗೆ ಹೋದರು, ಚೆನ್ನಾಗಿದ್ದಾರೆ. ಗಿರಾಕಿಗಳು ಅಮೆರಿಕದವರಾ ಅಂತಲೂ ಕೇಳಿಕೊಳ್ಳಿ. ಹಾಗಿದ್ದರೆ ಸಂಜೆ ಕಾಲ್‌ಗಳು ಇರುತ್ತವೆ. ಅಲ್ಲಿ ನವೆಂಬರ್ ಕೊನೆಗೋ ಡಿಸೆಂಬರ್ ಶುರುವಿಗೋ ಬರುವ ಗಿವಿಂಗ್ ಟ್ಯೂಸ್‌ಡೇ (ದೇಣಿಗೆಯ ಮಂಗಳವಾರ) ದಿನದಿಂದ ಡಿಸೆಂಬರ್ 31ರವರೆಗೆ ದೇಣಿಗೆಯ ಸುಗ್ಗಿ, ಆಗ ನಿಮಗೆ ರಜೆ ಸಿಗುವುದು ಕಷ್ಟ.

ಗಿರಾಕಿಗಳ ಒಂದು ಮಾತಿಗೆ ಈಗಲೇ ತಯಾರಾಗಿ. "ಇದೊಂದು ಸಣ್ಣ ಬದಲಾವಣೆ ಮೇಡಂ, ನಾವು ಎನ್‌ಜಿಒ ಅಲ್ವಾ, ಬಿಲ್ ಮಾಡಬೇಡಿ." ಮೊದಲ ಸಲ ಮಾಡಿಕೊಡುತ್ತೀರಿ. ಹತ್ತನೇ ಸಲ ನಿಮ್ಮ ಭಾನುವಾರ ಹೋಗಿರುತ್ತದೆ. ನಾನು ಪ್ರತಿ ಪ್ರಾಜೆಕ್ಟ್ ಶುರುವಿನಲ್ಲೇ ಇಂಥ ಸಣ್ಣ ಕೆಲಸಗಳಿಗೆ ಅಂತ 20 ಗಂಟೆ ತೆಗೆದಿಟ್ಟು, ಎಷ್ಟು ಉಳಿದಿದೆ ಅಂತ ಪ್ರತಿ ತಿಂಗಳು ಕಳಿಸುತ್ತೇನೆ. ಉಳಿದ ಗಂಟೆ ಕಣ್ಣಿಗೆ ಕಂಡರೆ ಅವರೇ ಯೋಚಿಸಿ ಕೇಳುತ್ತಾರೆ. ತಿಂಗಳಿಗೆ ಏಳು ಸಾವಿರ ರೂಪಾಯಿ ಗೌರವಧನದಲ್ಲಿ ಕೆಲಸ ಮಾಡುವವರ ಮುಂದೆ ಕೂತು ಗಂಟೆ ಲೆಕ್ಕ ಹೇಳುವುದು ಮುಜುಗರವೇ. 13 ವರ್ಷವಾದರೂ ಆ ಮುಜುಗರ ಹೋಗಿಲ್ಲ.

ನೀವು ಸೇರಬೇಕಾ ಅಂತ ನೇರವಾಗಿ ಕೇಳಿದರೆ, ನಿಮ್ಮ ವಯಸ್ಸು, ಟೆಸ್ಟಿಂಗ್ ಅನುಭವ ನೋಡಿದರೆ ಸೇರಿ ಅನ್ನುತ್ತೇನೆ, ಎರಡು ವರ್ಷಕ್ಕೆ. ಆದರೆ ಸಹಿ ಹಾಕುವ ಮುಂಚೆ ಒಂದು ವಾರ ಸಮಯ ಕೇಳಿ. ಆ ವಾರದಲ್ಲಿ ಅವರು ಎಲ್ಲಾದರೂ ಟ್ರೈನಿಂಗ್ ಮಾಡುತ್ತಿದ್ದರೆ ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ ಅನ್ನಿ. ಗೋಪ್ಯತೆಯ ಕಾಗದಕ್ಕೆ ಸಹಿ ಬೇಕಾದರೆ ಹಾಕಿ. ಹಿಂದಿನ ಸಾಲಿನಲ್ಲಿ ಕೂತು ಫೀಲ್ಡ್‌ನವರ ಕೈ ನೋಡಿ, ಸ್ಕ್ರೀನ್ ನೋಡಬೇಡಿ. ಯಾರ ಬ್ಯಾಗಿನಲ್ಲಿ ನೋಟ್‌ಬುಕ್ ಇದೆ, ಅದರಲ್ಲಿ ಎಷ್ಟು ಕಾಲಂ ಇದೆ ಅಂತ ಕೇಳಿ ನೋಡಿ. ಮತ್ತೆ, ಹೋಗುವಾಗ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಬ್ಯಾಗಿನಲ್ಲಿ ಹಾಕಿಕೊಳ್ಳಿ. ಇಪ್ಪತ್ತು ಜನರ ಫೋನ್‌ಗೆ ಆ ಹಾಲ್‌ನಲ್ಲಿ ಒಂದೇ ಪ್ಲಗ್ ಪಾಯಿಂಟ್ ಇರುತ್ತದೆ, ಅದೂ ಸ್ಟೇಜ್ ಹಿಂದೆ.